ಕಾಲು ಪಾಲಿನ ಸೂಪರ್‌ಕಾರು

ನಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಒಂದು ಸೂಪರ್‌ಕಾರು ಇತ್ತು. ಅದರಲ್ಲಿ ಕಾಲು ಪಾಲು ನಮ್ಮದು. ಯಾವ ಕಾಲು ಪಾಲು ಅಂತ ನನಗೆ ಯಾರೂ ಹೇಳಲಿಲ್ಲ. ಹಿಂದಿನ ಎಡಗಡೆ ಚಕ್ರ ಇರಬೇಕು ಅಂತ ನಾನೇ ತೀರ್ಮಾನ ಮಾಡಿಕೊಂಡು, ತರಕಾರಿಗೆ ಹೋಗುವಾಗ ಬರುವಾಗ ಅದನ್ನೊಮ್ಮೆ ನೋಡಿಕೊಂಡು ಹೋಗುತ್ತಿದ್ದೆ. ಗಂಡ ಹೆಂಡತಿ ಇಬ್ಬರೂ ಇಪ್ಪತ್ತು ವರ್ಷ ಬೆಳಗಾಗೆದ್ದು ಡಬ್ಬಿ ಕಟ್ಟಿಕೊಂಡು ಹೋಗಿ ದುಡಿದಿದ್ದಕ್ಕೆ ಒಂದು ಚಕ್ರ.

ನಾನು ಕಾರಿನ ಗಂಧಗಾಳಿ ಇಲ್ಲದವಳಲ್ಲ. ಬೊಮ್ಮಸಂದ್ರದ ಒಂದು ಕಾರ್ಖಾನೆಯಲ್ಲಿ ಕ್ವಾಲಿಟಿ ವಿಭಾಗದಲ್ಲಿದ್ದೇನೆ. ಕಾರಿನ ಸ್ಟೀರಿಂಗಿಗೆ ಹೋಗುವ ಸಣ್ಣ ಸಣ್ಣ ಭಾಗಗಳನ್ನು ಅಳೆದು, ಸರಿ ಇದ್ದರೆ ಹಸಿರು ಚೀಟಿ, ಇಲ್ಲದಿದ್ದರೆ ಕೆಂಪು ಚೀಟಿ ಅಂಟಿಸುವುದು ನನ್ನ ಕೆಲಸ. ಕೂದಲೆಳೆಯಷ್ಟು ಹೆಚ್ಚುಕಡಿಮೆ ಆದರೂ ಕೆಂಪು. ಆ ಅಭ್ಯಾಸವನ್ನು ಮನೆಗೂ ತಂದಿದ್ದೀಯ ಅಂತ ನಮ್ಮ ಯಜಮಾನರು ದೂರುತ್ತಾರೆ. ಚಪಾತಿಯಿಂದ ಹಿಡಿದು ನೆಂಟರವರೆಗೆ ಎಲ್ಲರಿಗೂ ಚೀಟಿ ಅಂಟಿಸ್ತೀಯ ಅಂತಾರೆ. ಅಂಟಿಸುತ್ತೇನೆ. ಡೊಂಕಾಗಿರುವುದನ್ನು ನೆಟ್ಟಗಿದೆ ಅನ್ನೋದು ನನ್ನ ಬಾಯಲ್ಲಿ ಬರುವುದಿಲ್ಲ.

ಇವರು ನಿಜವಾದ ಕಾರು ಪ್ರೇಮಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಬರುವವರೆಲ್ಲ ತಮ್ಮನ್ನು ಹಾಗೇ ಕರೆದುಕೊಳ್ಳುವವರು. ಇವರಿಗೆ ವೈಟ್‌ಫೀಲ್ಡಿನ ಒಂದು ಕಂಪನಿಯಲ್ಲಿ ನೆಟ್‌ವರ್ಕ್ ನೋಡಿಕೊಳ್ಳುವ ಕೆಲಸ. ದಿನವಿಡೀ ಕಂಪ್ಯೂಟರಿನ ಮುಂದೆ ಸೊಂಟ ಹಿಡಿಸಿಕೊಂಡು ಕೂತವರು ಭಾನುವಾರ ಬೆಳಗ್ಗೆ ಐದೂವರೆಗೆ ಹುಡುಗನಂತೆ ಏಳುತ್ತಿದ್ದರು. ಹದಿನಾಲ್ಕು ವರ್ಷದ ಹಳೆಯ ಸಣ್ಣ ಕಾರು ನಮ್ಮದು. ಅದರ ಆಯಿಲ್ ಇವರೇ ಬದಲಿಸುತ್ತಿದ್ದರು, ಬ್ರೇಕು ಇವರೇ ಬಿಚ್ಚಿ ಜೋಡಿಸುತ್ತಿದ್ದರು. ಹೊಸಕೋಟೆ ದಾಟಿ ಕೋಲಾರದ ರಸ್ತೆಗೆ ಬಿದ್ದರೆ ಸಾಕು, ಇವರ ಮುಖವೇ ಬೇರೆ. ಗೇರು ಬದಲಿಸಿದ್ದು ಪಕ್ಕದಲ್ಲಿ ಕೂತವರಿಗೆ ಗೊತ್ತಾಗಬಾರದು, ಅದೇ ಡ್ರೈವಿಂಗು ಅನ್ನುವುದು ಇವರ ಸಿದ್ಧಾಂತ. ನನಗೆ ಗೊತ್ತಾಗುತ್ತಿರಲಿಲ್ಲ. ಹೋಗಿ ಬಂದಮೇಲೆ ಯಾವ ತಿರುವಿನಲ್ಲಿ ಯಾವ ಲಾರಿ ಅಡ್ಡ ಬಂತು, ಯಾವ ಏರಿನಲ್ಲಿ ಇಂಜಿನ್ನು ಹೇಗೆ ಎಳೆಯಿತು ಅಂತ ಮಧ್ಯಾಹ್ನದ ಊಟ ಮುಗಿಯುವ ತನಕ ವರದಿ ಒಪ್ಪಿಸುತ್ತಿದ್ದರು. ಜೊತೆಗೇ ಇದ್ದವಳಿಗೆ ಮತ್ತೆ ವರದಿ ಯಾಕೆ ಅಂತ ನಾನು ಗೇಲಿ ಮಾಡಿದರೂ ನಿಲ್ಲಿಸುತ್ತಿರಲಿಲ್ಲ.

ಕೆಟ್ಟಿದ್ದು ಒಂದು ತಟ್ಟೆ ಇಡ್ಲಿ ಹೋಟೆಲಿನಲ್ಲಿ. ಕೋಲಾರದ ರಸ್ತೆಯ ಆ ಹೋಟೆಲಿನ ಮುಂದೆ ಒಂದು ಭಾನುವಾರ ಏಳೆಂಟು ಸೂಪರ್‌ಕಾರುಗಳು ಸಾಲಾಗಿ ನಿಂತಿದ್ದವು. ಕಿತ್ತಳೆ, ಹಳದಿ, ಗಿಳಿಹಸಿರು, ಐಸ್‌ಕ್ಯಾಂಡಿ ಡಬ್ಬದ ಮುಚ್ಚಳ ತೆಗೆದಂತಿತ್ತು. ಒಡೆಯರು ಕಾರಿನ ಪಕ್ಕದಲ್ಲೇ ನಿಂತಿದ್ದರು. ಒಳಗೆ ಬಂದು ಇಡ್ಲಿ ತಿನ್ನುವ ಹಾಗಿಲ್ಲ, ಜನ ಕಾರು ಮುಟ್ಟುತ್ತಾರೆ. ತಟ್ಟೆ ಹೊರಗೆ ತರಿಸುವ ಹಾಗೂ ಇಲ್ಲ, ಸೀಟಿಗೆ ಚಟ್ನಿ ತಾಗುತ್ತದೆ. ಪಾಪ, ಕಾಫಿಯ ಕಾಗದದ ಲೋಟವನ್ನೂ ಕಾರಿನಿಂದ ಮೂರು ಮಾರು ದೂರ ಹಿಡಿದುಕೊಂಡು ಕುಡಿಯುತ್ತಿದ್ದರು. ನಾವು ಇಡ್ಲಿ ತಿಂದು ಹೊರಗೆ ಬರುವಷ್ಟರಲ್ಲಿ ಇನ್ನೊಂದು ಬಂತು. ಅದು ಬಂದಿದ್ದು ಲಾರಿಯ ಬೆನ್ನ ಮೇಲೆ. ಊರೊಳಗಿನ ಹಂಪುಗಳಿಗೆ ಹೊಟ್ಟೆ ಉಜ್ಜುತ್ತದೆ ಅಂತ ಹೈವೇ ತನಕ ಲಾರಿಯಲ್ಲಿ ತಂದು, ಇಳಿಸಿ, ಅರ್ಧ ಗಂಟೆ ಓಡಿಸಿ, ಮತ್ತೆ ಲಾರಿಗೆ ಹತ್ತಿಸುತ್ತಾರಂತೆ.

"ಹಂಗಾದ್ರೆ ಜಾಸ್ತಿ ಓಡಿಸೋನು ಲಾರಿ ಡ್ರೈವರೇ ಅಲ್ವೇನ್ರೀ? ಅವನೇ ದೊಡ್ಡ ಕಾರು ಪ್ರೇಮಿ," ಅಂದೆ.

ಇವರು ನಗಲಿಲ್ಲ. ಆ ಕಾರನ್ನೇ ನೋಡುತ್ತಾ ನಿಂತಿದ್ದರು. ಮನೆಗೆ ವಾಪಸ್ ಬರುವ ದಾರಿಯಲ್ಲಿ ಒಂದು ಕಡೆ ಗೇರು ಬದಲಿಸಿದ್ದು ನನಗೆ ಗೊತ್ತಾಯಿತು.

ಇಷ್ಟಾದ ಮೇಲೆ ನಾಲ್ಕು ಜನ ಸೇರಿದರು. ಇವರು, ಇವರಂತೆಯೇ ಸಾಫ್ಟ್‌ವೇರಿನಲ್ಲಿರುವ ನಮ್ಮದೇ ಅಪಾರ್ಟ್‌ಮೆಂಟಿನ ಇಬ್ಬರು, ಜೊತೆಗೆ ಈ ಅಪಾರ್ಟ್‌ಮೆಂಟು ಎದ್ದಿರುವ ಜಾಗದ ಮೂಲ ಮಾಲೀಕರು. ಆ ಮಾಲೀಕರ ಅಪ್ಪನ ಕಾಲದವರೆಗೂ ಇಲ್ಲಿ ರಾಗಿ ಬೆಳೆಯುತ್ತಿದ್ದರಂತೆ. ಈಗ ಎಂಟು ಫ್ಲ್ಯಾಟುಗಳ ಬಾಡಿಗೆ ಬೆಳೆಯುತ್ತದೆ. ಎಲ್ಲರೂ ಅವರನ್ನು ಅಣ್ಣ ಅಂತ ಕರೆಯುತ್ತಾರೆ, ನಾನೂ ಹಾಗೇ. ಒಬ್ಬರಿಂದ ಸೂಪರ್‌ಕಾರು ಕೊಳ್ಳಲು ಆಗುವುದಿಲ್ಲ, ನಾಲ್ವರು ಸೇರಿ ಒಂದು ಹಳೆಯದನ್ನು ಕೊಳ್ಳೋಣ, ತಿಂಗಳಿಗೆ ಒಂದೊಂದು ಭಾನುವಾರ ಒಬ್ಬೊಬ್ಬರದು ಅಂತ ಯೋಜನೆ. ಹಸು ಕೊಂಡರೆ ಹಾಲಾದರೂ ಹಂಚಿಕೊಳ್ಳಬಹುದಿತ್ತು.

ನಾನು ಹೇಳುವುದನ್ನು ಹೇಳಿದೆ. ಓಡಿಸುವ ಆಸೆ ಇದ್ದವನಿಗೆ ಬೇಕಾದ್ದು ಎರಡು, ಒಂದು ರಸ್ತೆ, ಇನ್ನೊಂದು ಧೈರ್ಯವಾಗಿ ಕೈಯಾಡಿಸಬಹುದಾದ ಕಾರು. ವೈಟ್‌ಫೀಲ್ಡಿನಲ್ಲಿ ಮೊದಲನೆಯದಿಲ್ಲ, ಇದನ್ನು ತಂದರೆ ಎರಡನೆಯದೂ ಇರುವುದಿಲ್ಲ. ಮೂಗುತಿ ಕೆಟ್ಟೀತು ಅಂತ ಮೂಗನ್ನೇ ಡಬ್ಬಿಯಲ್ಲಿಟ್ಟ ಹಾಗಾಗುತ್ತದೆ ಅಂದೆ. ಇವರು "ಇದು ಇನ್ವೆಸ್ಟ್‌ಮೆಂಟು ಕಣೆ" ಅಂದರು. ಆ ಮಾತು ಇವರದಲ್ಲ, ಆ ಇಬ್ಬರು ಹೇಳಿಕೊಟ್ಟಿದ್ದು ಅಂತ ಹೇಳುವ ರೀತಿಯಲ್ಲೇ ಗೊತ್ತಾಯಿತು. ಕೆಂಪು ಚೀಟಿ ಅಂಟಿಸಿ ಎದ್ದುಹೋದೆ.

ಆದರೂ ಕಾರು ಬಂತು. ಬಂದಾಗ ತಿಳಿದಿದ್ದೇನೆಂದರೆ, ಅದನ್ನು ನಿಲ್ಲಿಸಲು ಕಂಬದ ಕಾಟವಿಲ್ಲದ ಅಗಲವಾದ ಜಾಗ ಬೇಕು, ಅಂಥದ್ದು ಇಡೀ ಬೇಸ್‌ಮೆಂಟಿನಲ್ಲಿ ಒಂದೇ, ಮೂಲೆಯಲ್ಲಿರುವ ನಮ್ಮದು. ಒಂದು ಮನೆಗೆ ಒಂದೇ ಜಾಗ. ಹಾಗಾಗಿ ನಮ್ಮ ಸಣ್ಣ ಕಾರು ಹೂಡಿಯ ಕಡೆಯ ಒಂದು ಡ್ರೈವಿಂಗ್ ಸ್ಕೂಲಿಗೆ ಹೋಯಿತು. ಕೊಟ್ಟು ಬಂದ ದಿನ ಇವರು ಊಟ ಬೇಡ ಅಂದರು. ಹೊಟ್ಟೆ ಸರಿಯಿಲ್ಲ ಅಂದರು. ಹೊಟ್ಟೆ ಸರಿಯಿತ್ತು, ತಲೆ ಸರಿಯಿರಲಿಲ್ಲ ಅಂದೆ ನಾನು.

ಸೂಪರ್‌ಕಾರಿನ ಗೃಹಪ್ರವೇಶವನ್ನು ನಾನು ಬಾಲ್ಕನಿಯಿಂದ ನೋಡಿದೆ. ಬೇಸ್‌ಮೆಂಟಿಗೆ ಇಳಿಯುವ ಇಳಿಜಾರಿಗೆ ಅದರ ಗದ್ದ ತಾಗುತ್ತದೆ. ಪ್ಲೈವುಡ್ ಹಲಗೆಗಳನ್ನು ಕತ್ತರಿಸಿ ತಂದಿದ್ದರು. ಸೆಕ್ಯೂರಿಟಿಯವರು ಮುಂದೆ ಒಂದು ಹಲಗೆ ಹಾಕುವುದು, ಕಾರು ಒಂದು ಗೇಣು ಬರುವುದು, ಹಿಂದಿನ ಹಲಗೆ ತೆಗೆದು ಮತ್ತೆ ಮುಂದೆ ಹಾಕುವುದು. ಗಂಟೆಗೆ ಮುನ್ನೂರು ಕಿಲೋಮೀಟರ್ ಓಡುತ್ತದೆ ಅಂತ ಹೆಸರಾದ ಗಾಡಿ ಗೇಟಿನಿಂದ ನಮ್ಮ ಜಾಗಕ್ಕೆ ಬರಲು ಇಪ್ಪತ್ತೈದು ನಿಮಿಷ ತೆಗೆದುಕೊಂಡಿತು. ಅಷ್ಟರಲ್ಲಿ ಹಾಲಿನವನು ಎರಡು ಬ್ಲಾಕು ಮುಗಿಸಿದ್ದ.

ನಿಜವಾದ ತಮಾಷೆ ಶುರುವಾಗಿದ್ದು ಆಮೇಲೆ. ಈ ಸಾಫ್ಟ್‌ವೇರಿನವರಿಗೆ ಏನು ಕೊಟ್ಟರೂ ಅದನ್ನು ಪ್ರಾಜೆಕ್ಟು ಮಾಡುತ್ತಾರೆ. ಕಾರಿಗೆ ಒಂದು ವಾಟ್ಸಾಪ್ ಗ್ರೂಪು, ಒಂದು ಎಕ್ಸೆಲ್ ಶೀಟು, ಇಪ್ಪತ್ತೆರಡು ಅಂಶಗಳ ಚೆಕ್‌ಲಿಸ್ಟು. ಸರದಿ ಮುಗಿಸಿ ಕಾರು ನಿಲ್ಲಿಸಿದವರು ಹದಿನಾರು ಕಡೆಯಿಂದ ಫೋಟೊ ತೆಗೆದು ಗ್ರೂಪಿಗೆ ಹಾಕಬೇಕು. ಸೋಮವಾರ ಸಂಜೆ ಕಾರಿನ ಸುತ್ತ ನಿಂತು ಮೀಟಿಂಗು. ಕೂತರೆ ಮೀಟಿಂಗು ಉದ್ದವಾಗುತ್ತದಂತೆ, ಅದಕ್ಕೆ ಆಫೀಸಿನ ಹಾಗೆ ನಿಂತೇ ಮಾಡುವುದು. ಗೀರು ಕಂಡರೆ ಒಂದು 'ಇಶ್ಯೂ'. ಟೈರಿನಲ್ಲಿ ಕಲ್ಲು ಸಿಕ್ಕಿಕೊಂಡಿದ್ದರೆ ಒಂದು 'ಇಶ್ಯೂ'. ಯಾರ ಸರದಿಯಲ್ಲಿ ಆಯಿತು, ಯಾಕೆ ಆಯಿತು, ಮತ್ತೆ ಆಗದಂತೆ ಏನು ಮಾಡುತ್ತೀರಿ ಅಂತ ವಿಚಾರಣೆ. ಒಂದು ತಿಂಗಳಲ್ಲಿ ಐದು ಭಾನುವಾರ ಬಂದಾಗ ಐದನೆಯದು ಯಾರದು ಅಂತ ಎರಡು ವಾರ ಚರ್ಚೆಯಾಗಿ, ಕೊನೆಗೆ ಐದನೇ ಭಾನುವಾರ ಕಾರಿಗೆ ವಿಶ್ರಾಂತಿ ಅಂತ ತೀರ್ಮಾನವಾಯಿತು. ಉಳಿದ ಭಾನುವಾರಗಳಲ್ಲಿ ಅದು ಏನು ಮಾಡಿ ದಣಿದಿತ್ತೋ ನನಗೆ ಗೊತ್ತಿಲ್ಲ.

ಇವರ ಚೆಕ್‌ಲಿಸ್ಟನ್ನು ಒಮ್ಮೆ ತಿರುವಿ ನೋಡಿದ್ದೆ. ಟೈರಿನ ಗಾಳಿ ಇತ್ತು, ವೈಪರ್ ಇತ್ತು, ಸೀಟು ಎಷ್ಟು ಹಿಂದಕ್ಕಿರಬೇಕು ಅಂತ ಇತ್ತು, ಒಳಗಿನ ವಾಸನೆ ಕೂಡ ಇತ್ತು. ಎಷ್ಟು ಕಿಲೋಮೀಟರ್ ಓಡಿತು ಅನ್ನುವುದು ಮಾತ್ರ ಇರಲಿಲ್ಲ. ನಾಲ್ವರು ಕಾರು ಪ್ರೇಮಿಗಳು ಕೂತು ಬರೆದ ಪಟ್ಟಿಯಲ್ಲಿ ಕಾರು ಓಡಿತೇ ಅನ್ನುವ ಪ್ರಶ್ನೆಯೇ ಬಿಟ್ಟುಹೋಗಿತ್ತು. ನಮ್ಮ ಕಾರ್ಖಾನೆಯಲ್ಲಿ ಟ್ರೈನಿಯೊಬ್ಬ ಇಂಥ ಪಟ್ಟಿ ತಂದಿದ್ದರೆ ಅದರಲ್ಲೇ ಬಜ್ಜಿ ಕಟ್ಟಿಸಿಕೊಂಡು ಬಾ ಅಂತ ಕಳಿಸುತ್ತಿದ್ದೆ.

ನಾಲ್ವರಲ್ಲಿ ಆ ಕಾರನ್ನು ಮನುಷ್ಯರ ಹಾಗೆ ಬಳಸಿದವರು ಅಣ್ಣ ಒಬ್ಬರೇ. ಅವರ ಅಕ್ಕನ ಮಗಳ ಮದುವೆ ಅವರ ಸರದಿಯ ಭಾನುವಾರವೇ ಬಂತು. ಹೆಣ್ಣನ್ನು ಮಂಟಪಕ್ಕೆ ಕರೆತರುವುದು ಸೋದರಮಾವನ ಹಕ್ಕು. ಅಣ್ಣ ಅವಳನ್ನು ಸೂಪರ್‌ಕಾರಿನಲ್ಲಿ ಕೂರಿಸಿಕೊಂಡು ಹೊಸಕೋಟೆಯ ಛತ್ರಕ್ಕೆ ಹೋದರು. ಮುಂದೆ ಗುಲಾಬಿ ಹಾರ, ಹಿಂದೆ ಮಲ್ಲಿಗೆ ಜಾಲರಿ, ಬಾಗಿಲಿಗೆ ಸುಗಂಧರಾಜ, ಎಲ್ಲ ಗಮ್ ಟೇಪಿನಲ್ಲಿ ಗಟ್ಟಿಯಾಗಿ ಅಂಟಿಸಿದ್ದು. ಇರುವುದು ಎರಡೇ ಸೀಟು. ಹಾಗಾಗಿ ಮದುವೆ ಮುಗಿದು ಮನೆಗೆ ಹೊರಟಾಗಲೂ ಮದುಮಗಳು ಮಾವನ ಪಕ್ಕದಲ್ಲಿ, ಮದುಮಗ ಹಿಂದಿನಿಂದ ಟೆಂಪೋ ಟ್ರಾವೆಲರಿನಲ್ಲಿ ಅಡುಗೆ ಪಾತ್ರೆಗಳ ಜೊತೆ.

ಸೋಮವಾರ ನಾನು ಕಂಪನಿ ಬಸ್ಸು ಇಳಿದು ಬರುವಾಗ ಮೀಟಿಂಗು ನಡೆಯುತ್ತಿತ್ತು. ಟೇಪು ಕೀಳುವಾಗ ಬಣ್ಣದ ಮೇಲಿನ ಪಾರದರ್ಶಕ ಪೊರೆ ಎರಡು ಕಡೆ ಎದ್ದುಬಂದಿತ್ತು. ಸಾಫ್ಟ್‌ವೇರಿನ ಇಬ್ಬರು ಸೂತಕದ ಮನೆಯವರಂತೆ ನಿಂತಿದ್ದರು.

ಅಣ್ಣ ಕೈಕಟ್ಟಿಕೊಂಡು ಹೇಳುತ್ತಿದ್ದರು: "ಎಣ್ಣು ಕರ್ಕೊಂಡ್ ಬರಾಕ್ ಓಗಿದ್ದೆ ಸಾರ್. ಕಾರು ಇರಾದು ಇನ್ಯಾತಕ್ಕೆ? ನೀವು ಅದ್ನ ಒರೆಸ್ತೀರ, ಮುಚ್ತೀರ, ಬಿಚ್ತೀರ, ಮತ್ತೆ ಒರೆಸ್ತೀರ. ನಮ್ಮಪ್ಪ ಎತ್ತುಗಳ್ನೂ ಇಷ್ಟು ಒರೆಸ್ತಿರ್ಲಿಲ್ಲ, ಅವಾದ್ರೆ ಉಳೋವು."

ನನ್ನನ್ನು ನೋಡಿ, "ಏನಕ್ಕ, ನೀವೇ ಏಳಿ," ಅಂದರು. ನಾನು ನೂರಕ್ಕೆ ನೂರು ನಿಮ್ಮ ಕಡೆ ಅಂದೆ. ಇವರು ನನ್ನ ಮುಖ ನೋಡಲಿಲ್ಲ. ಆ ದಿನ ಚೆಕ್‌ಲಿಸ್ಟಿಗೆ ಇಪ್ಪತ್ತಮೂರನೇ ಅಂಶ ಸೇರಿತು, ಹೂವು ಅಂಟಿಸುವಂತಿಲ್ಲ.

ಇವರದು ತಿಂಗಳ ಮೂರನೇ ಭಾನುವಾರ. ಮೊದಲನೇ ಸರದಿಯ ದಿನ ನನ್ನನ್ನೂ ಕರೆದರು. "ಬಾರೆ, ಒಂದ್ಸಲ ಕೂತು ನೋಡು."

"ಮಂಡಿ ಎದೆಗೆ ಒತ್ತಿಕೊಂಡು ಕೂರೋಕೆ ನಾನೇನು ಇನ್ನೂ ನಮ್ಮಮ್ಮನ ಹೊಟ್ಟೇಲಿದೀನಾ? ನೀವೇ ಹೋಗಿ ಮೆರೆದು ಬನ್ನಿ," ಅಂದೆ.

ಇವರು ಒಬ್ಬರೇ ಹೋದರು. ಹತ್ತು ಗಂಟೆಗೆ ಬಂದವರು ಬೆವರಿದ್ದರು. ಗರುಡಾಚಾರ್ ಪಾಳ್ಯದ ಹತ್ತಿರ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡರಂತೆ. ಎರಡೂ ಕಡೆ ಬೈಕುಗಳು ಒತ್ತಿಕೊಂಡು ಬಂದು ಕಾರಿನ ಜೊತೆ ಸೆಲ್ಫಿ ತೆಗೆದುಕೊಂಡರಂತೆ. ಆಟೋದವನೊಬ್ಬ ಇಂಜಿನ್ನಿನ ಸದ್ದು ಮಾಡಿ ತೋರಿಸಿ ಸಾರ್ ಅಂತ ಹಟ ಹಿಡಿದನಂತೆ. ಹೈವೇ ಮುಟ್ಟದೆ ವಾಪಸ್ ಬಂದಿದ್ದರು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಬಂದ ನೆಂಟರಿಗೆಲ್ಲ ಆ ಕಥೆ ಹೇಳಿದೆ, ಆಟೋದವನ ದನಿಯನ್ನೂ ಸೇರಿಸಿ. ಊರಿನಿಂದ ನಾದಿನಿ ಬಂದಾಗ ಇವರ ಎದುರಿಗೇ ಹೇಳಿದೆ. ಅವಳೂ ನಕ್ಕಳು. ಇವರೂ ನಕ್ಕರು ಅಂತಲೇ ಆಗ ನಾನು ಅಂದುಕೊಂಡಿದ್ದೆ.

ಅದಾದ ಮೇಲೆ ಎಲ್ಲ ಸರಿಹೋಯಿತು. ಮುಂದಿನ ಸರದಿಯಿಂದ ಇವರು ಬೆಳಗ್ಗೆ ಆರಕ್ಕೆ ಇಳಿದು ಹೋಗಿ ಹತ್ತಕ್ಕೆ ಮೇಲೆ ಬರುತ್ತಿದ್ದರು. ಎಲ್ಲಿಗೆ ಹೋಗಿದ್ರಿ ಅಂದರೆ ನಂದಿ ಕಡೆ. ಹೇಗಿತ್ತು ಅಂದರೆ ಸಕ್ಕತ್ತಾಗಿತ್ತು. ತಿಂಡಿ ಅಂದರೆ ಹೊರಗಾಯ್ತು. ಇಪ್ಪತ್ತಮೂರು ಅಂಶಗಳೂ ಸರಿ. ಗೀರಿಲ್ಲ, ಧೂಳಿಲ್ಲ, ಟೈರಿನಲ್ಲಿ ಕಲ್ಲಿಲ್ಲ. ಸೋಮವಾರದ ಮೀಟಿಂಗಿನಲ್ಲಿ ಇವರನ್ನು ಹೊಗಳಿದರಂತೆ. ನಾಲ್ವರಲ್ಲಿ ಕಾರನ್ನು ನಾಜೂಕಾಗಿ ಓಡಿಸುವವರು ಇವರೇ, ಎಲ್ಲರೂ ಇವರಿಂದ ಕಲಿಯಬೇಕು ಅಂದರಂತೆ. ಅದನ್ನು ನನಗೆ ಹೇಳುವಾಗ ಇವರು ಟಿವಿ ರಿಮೋಟನ್ನು ಹಿಂದೆ ಮುಂದೆ ತಿರುಗಿಸುತ್ತಿದ್ದರು.

ನಾಲ್ಕು ತಿಂಗಳು ನನಗೆ ಹೊಳೆಯಲಿಲ್ಲ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಯಾಕೆಂದರೆ ಇದು ನನ್ನ ಕಸುಬು. ನಮ್ಮ ಕಾರ್ಖಾನೆಯಲ್ಲಿ ಒಂದು ಮಷೀನಿನ ರೀಡಿಂಗ್ ವಾರಗಟ್ಟಲೆ ಒಂದೇ ಬಂದರೆ, ಎಲ್ಲ ಸರಿಯಿದೆ ಅಂತ ಯಾರೂ ನಂಬುವುದಿಲ್ಲ. ಆಪರೇಟರ್ ಅಳೆಯದೆ ಬರೆಯುತ್ತಿದ್ದಾನೆ ಅಂತಲೇ ಅರ್ಥ. ಓಡಿದ ಕಾರಿಗೆ ಧೂಳಾದರೂ ಹತ್ತಬೇಕು. ಓಡಿಸಿದ ಮನುಷ್ಯ ಒಂದು ಲಾರಿಯನ್ನಾದರೂ ಬೈಯಬೇಕು. ಇವರು ಯಾವ ಲಾರಿಯನ್ನೂ ಬೈಯುತ್ತಿರಲಿಲ್ಲ.

ಇವರ ಸರದಿಯ ಒಂದು ಭಾನುವಾರ ಎಂಟು ಗಂಟೆಗೆ ಉಪ್ಪಿಟ್ಟಿಗೆ ರವೆ ಹುರಿದುಕೊಂಡ ಮೇಲೆ ಮನೆಯಲ್ಲಿ ಕರಿಬೇವಿಲ್ಲ ಅಂತ ಗೊತ್ತಾಯಿತು. ನೈಟಿಯ ಮೇಲೊಂದು ವೇಲು ಹಾಕಿಕೊಂಡು ಸ್ಕೂಟರ್ ತೆಗೆಯಲು ಬೇಸ್‌ಮೆಂಟಿಗೆ ಇಳಿದೆ. ಮೂಲೆಯಲ್ಲಿ ಕಾರು ಇತ್ತು. ಹೊದಿಕೆ ತೆಗೆದು ನೀಟಾಗಿ ಮಡಿಸಿ ಪಕ್ಕದಲ್ಲಿಟ್ಟಿತ್ತು. ಇವರು ಹೊರಟು ಎರಡು ಗಂಟೆಯಾಗಿದೆ, ಕಾರು ಇಲ್ಲೇ ಇದೆ ಅಂದರೆ ಇವರಿಗೇನಾಯಿತು ಅಂತ ಓಡಿದೆ.

ಇವರು ಒಳಗಿದ್ದರು. ಡ್ರೈವರ್ ಸೀಟಿನಲ್ಲಿ, ಡ್ರೈವಿಂಗಿಗೆ ಅಂತ ತೆಗೆದುಕೊಂಡಿದ್ದ ಬೂಟು ಹಾಕಿಕೊಂಡು. ಇಂಜಿನ್ನು ಆರಿತ್ತು. ಮುಂದೆ ಸ್ಟೀರಿಂಗಿಗೆ ಒರಗಿಸಿದ ಮೊಬೈಲಿನಲ್ಲಿ ಯಾರೋ ಬಿಳಿಯನೊಬ್ಬ ಇದೇ ಕಾರನ್ನು, ಇದೇ ಬಣ್ಣದ್ದನ್ನು, ಯಾವುದೋ ದೇಶದ ಖಾಲಿ ಬೆಟ್ಟದ ರಸ್ತೆಯಲ್ಲಿ ಓಡಿಸುತ್ತಿದ್ದ. ಇವರ ಕಿವಿಯಲ್ಲಿ ಇಯರ್‌ಫೋನು. ರಸ್ತೆ ಎಡಕ್ಕೆ ತಿರುಗಿದಾಗ ಇವರ ತಲೆಯೂ ಒಂದಿಷ್ಟು ಎಡಕ್ಕೆ ವಾಲುತ್ತಿತ್ತು.

ಇವರಿಗೆ ಏನೂ ಆಗಿಲ್ಲ ಅನ್ನುವ ನೆಮ್ಮದಿಗೋ ಏನೋ, ನನಗೆ ನಗು ಬಂತು. ತಡೆಯಲಾಗಲಿಲ್ಲ. ನಾಲ್ವರ ಕಾರು, ಇಪ್ಪತ್ತಮೂರು ಅಂಶ, ಎಲ್ಲರೂ ಕಲಿಯಬೇಕಾದ ನಾಜೂಕು! ಖಾಲಿ ಬೇಸ್‌ಮೆಂಟಿನಲ್ಲಿ ನನ್ನ ನಗು ಗೋಡೆಗೋಡೆಗೆ ಬಡಿದು ನನಗೇ ಕೇಳುತ್ತಿತ್ತು. ಇವರು ಬೆಚ್ಚಿಬಿದ್ದು ಇಯರ್‌ಫೋನು ಕಿತ್ತು ಬಾಗಿಲು ತೆಗೆದರು.

"ಭಯ ಆಗುತ್ತೆ ಕಣೆ," ಅಂದರು. "ಗೇಟು ದಾಟಿದ್ರೆ ಅದೊಂದೇ ಯೋಚ್ನೆ. ಯಾರಾದ್ರೂ ಗೀರಿದ್ರೆ, ನಾನೇ ಎಲ್ಲಾದ್ರೂ ತಾಗ್ಸಿದ್ರೆ ಅಂತ. ಆ ಟ್ರಾಫಿಕ್ ದಿನದಿಂದ ತೆಗೆದೇ ಇಲ್ಲ."

"ಮತ್ತೆ ನಂಗೆ ಹೇಳೋದಲ್ವೇನ್ರೀ?" ಅಂದೆ, ನಗುತ್ತಲೇ.

ಇವರು ನನ್ನ ಬಾಯಿಯನ್ನು ನೋಡಿದರು. ಕಣ್ಣನ್ನಲ್ಲ, ಬಾಯಿಯನ್ನು. ಆಗ ನನಗೆ ಅರ್ಥವಾಯಿತು, ನಗು ಅಲ್ಲೇ ನಿಂತುಹೋಯಿತು.

ಆ ಕಾರು ಈಗ ಇಲ್ಲ, ಇನ್ಯಾರೋ ನಾಲ್ವರು ಕೊಂಡುಕೊಂಡರು. ಅದರ ಬಗ್ಗೆ ನನಗಿದ್ದ ತಾತ್ಸಾರ ಒಂದು ಗುಲಗಂಜಿಯಷ್ಟೂ ಕಡಿಮೆಯಾಗಿಲ್ಲ. ಓಡಿಸುವವನ ಕೈಯಿಂದ ಸ್ಟೀರಿಂಗನ್ನೇ ಕಸಿದುಕೊಳ್ಳುವ ಕಾರು ಅದು, ದುಡ್ಡು ಕೊಟ್ಟು ತಂದುಕೊಂಡ ಕಾವಲು ಕೆಲಸ ಅದು. ಅದಕ್ಕೆ ಹೆದರಿದ್ದು ಇವರ ತಪ್ಪಲ್ಲ. ಆದರೆ ಕಾರಿಗೆ ಹೆದರಿದವರು ಮನೆಗೆ ಬಂದು ಹೆದರಿದೆ ಅಂತ ಹೇಳಬಹುದಿತ್ತು. ಇವರು ಹೇಳಲಿಲ್ಲ. ಆ ಹೆದರಿಕೆ ಕಾರಿನದ್ದಲ್ಲ.

ಅವತ್ತು ಬೇಸ್‌ಮೆಂಟಿನಲ್ಲಿ "ತಿಂಡಿ ತಿಂದ್ರಾ?" ಅಂತ ಕೇಳಿದೆ.

"ಇಲ್ಲ," ಅಂದರು.

"ಹೋದ ತಿಂಗಳು?"

ಇವರು ಆಗಲೂ ಇಲ್ಲ ಅಂತ ತಲೆ ಅಲ್ಲಾಡಿಸಿದರು. ಹೊರಗಾಯ್ತು ಅಂತ ನನಗೆ ಹೇಳಿಬಿಟ್ಟಿದ್ದರಿಂದ, ತಮ್ಮ ಸರದಿಯ ಒಂದೊಂದು ಭಾನುವಾರವೂ ಮಧ್ಯಾಹ್ನದ ಊಟದವರೆಗೆ ಇವರು ಹಸಿದುಕೊಂಡೇ ಇದ್ದರು. ನಾನು ಅದೇ ಮನೆಯಲ್ಲಿ, ಇವರ ಎದುರಿಗೇ ಕೂತು ನನ್ನ ಪಾಲಿನ ಉಪ್ಪಿಟ್ಟು ತಿನ್ನುತ್ತಿದ್ದೆ.